ಹೊಳಪು ಆರಿದ ಪೈಲಟ್ ಗಡಿಯಾರ

…ಅದನ್ನ ಮೊದಲು ಕೆಳಗಿಡು. ಐಜಿರೆಕ್, ನಿನಗೇ ಹೇಳ್ತಿರೋದು. ನಾದಿಟ್ಟ ಹಿಟ್ಟು ಉಬ್ಬಿ ಪಾತ್ರೆಯಿಂದ ಆಚೆ ಬರ್ತಿದೆ. ನೀನು ನೋಡಿದ್ರೆ ಆಫೀಸಿನಿಂದ ಆ ಪೆಟ್ಟಿಗೆ ಹೊತ್ಕೊಂಡು ಬಂದು, ಮಟಮಟ ಮಧ್ಯಾಹ್ನ ಮನೆಯೆಲ್ಲ ಮೂಸ್ತಾ ಇದ್ದೀಯ. ಬೆಟ್ಟದಲ್ಲಿ ಯುರೇನಿಯಂ ಕಲ್ಲು ಹುಡುಕೋಕೆ ಕೊಟ್ಟಿರೋ ಯಂತ್ರ ಕಣಮ್ಮ ಅದು. ಅತ್ತೆಯ ಬೀರು ಹುಡುಕೋಕಲ್ಲ.

ಯಾಕೆ ನಗ್ತಿದ್ದೀಯ? …ಓ. ನಗು ಅಲ್ವಾ ಅದು, ಹಲ್ಲು ಕಚ್ಚಿದ್ದೀಯ.

ಹೂಂ, ಕಟಕಟ ಅಂತು, ಕೇಳಿಸ್ತು. ನನಗೇನು ಕಿವುಡೇ? ಪೈಲಟ್‌ಗಳ ಹಳೇ ಗಡಿಯಾರ ಅಂದ್ರೆ ಹಾಗೇ. ಅಂಕಿಗಳಿಗೆ, ಮುಳ್ಳುಗಳಿಗೆ ರೇಡಿಯಂ ಬಣ್ಣ ಬಳಿದಿರ್ತಾರೆ, ರಾತ್ರಿ ವಿಮಾನದೊಳಗೆ ಕಾಣಲಿ ಅಂತ. ನೀನು ಇದನ್ನ ಕಾಲೇಜಲ್ಲಿ ಕಲಿತೆ. ನಾನು ವಾಯುಪಡೆ ಶಾಲೆಯ ಬಟ್ಟೆ ಒಗೆಯೋ ಕೋಣೇಲಿ, ಒದ್ದೆ ಕೈ ಒರೆಸ್ಕೊಂಡು, ಒಂದೊಂದೇ ಪುಟ ಓದಿ ಕಲಿತೆ. ಅಂಗಿ ಇಸ್ತ್ರಿ ಮಾಡಿ ಕೊಟ್ರೆ ಆ ಹುಡುಗರು ನಿಂತುಹೋದ ಗಡಿಯಾರ ಕೊಟ್ಟು ಹೋಗೋರು. ನಾನೇ ಬಿಚ್ಚಿ, ನಾನೇ ತೊಳೆದು, ಎಣ್ಣೆ ಬಿಟ್ಟು ಓಡಿಸ್ದೆ. ಬಿಷ್ಕೆಕ್‌ನಲ್ಲಿ ಆಗ ಗಡಿಯಾರ ಬಿಚ್ಚೋ ಹೆಂಗಸು ಇನ್ಯಾರಿದ್ದಳು ಹೇಳು? ಇವತ್ತು ಎಲ್ಲೆಲ್ಲಿಂದಲೋ ಗಂಡಸರು ಬಂದು ನನ್ನ ಈ ಗಡಿಯಾರದ ಬೀರುವಿನ ಮುಂದೆ ಟೋಪಿ ತೆಗೆದು ನಿಲ್ತಾರೆ. ನನ್ನ ಸೊಸೆ ಮೂಗು ಮುಚ್ಕೊಂಡು ನಿಲ್ತಾಳೆ.

ಗಾಜು ಮುಚ್ಚಿದ್ರೆ ಭಯ ಇಲ್ಲ. ಬಿಚ್ಚಿ, ಬಣ್ಣದ ಪುಡಿ ಎದ್ರೆ ಮಾತ್ರ ಅಪಾಯ. ಅದು ನನಗೂ ಗೊತ್ತು. ಅದಕ್ಕೇ ಸೆಜಿಮ್ ಹುಟ್ಟಿದ ಮೇಲೆ ಒಂದನ್ನೂ ಬಿಚ್ಚಿಲ್ಲ. ಏಳು ತಿಂಗಳಾಯ್ತು. ಆಣೆ ಬೇಕಾ? ತಗೋ, ಈ ರೊಟ್ಟಿ ಮುಟ್ಟಿ ಹೇಳ್ತೀನಿ, ನನ್ನ ಮೊಮ್ಮಗಳು ಬಂದ ಮೇಲೆ ಈ ಮನೇಲಿ…

ಮೇಜು ಬಿಡು. ಅಲ್ಲಿ ಬರೀ ಸ್ಕ್ರೂಡ್ರೈವರ್ ಇದೆ. ಐಜಿರೆಕ್…

ಇಷ್ಟು ಜೋರಾಗಿ ಕೂಗುತ್ತಾ ಅದು? ಬ್ರಷ್ ಕಣೇ. ಡಯಲ್ ಒರೆಸೋ ಬರೀ ಸಣ್ಣ ಬ್ರಷ್.

ಸರಿ. ಒಂದು ಬಿಚ್ಚಿದೆ. ಒಂದೇ. ಮಗು ಹುಟ್ಟಿದ ವಾರ, ನೀನಿನ್ನೂ ಆಸ್ಪತ್ರೇಲಿದ್ದೆ. ಭಾನುವಾರದ ಸಂತೇಲಿ ಒಬ್ಬ ಮುದುಕ ತಂದಿದ್ದ. ಅವನಣ್ಣ ಯುದ್ಧವಿಮಾನ ಓಡಿಸ್ತಿದ್ದನಂತೆ. ಗಾಜು ಒಡೆದಿತ್ತು, ಒಳಗೆ ಯಂತ್ರವೆಲ್ಲ ತುಕ್ಕು. ಆದ್ರೆ ಡಯಲ್… ಕಾಯಿಸಿದ ಬೆಣ್ಣೆ ತಳ ಹಿಡಿದಾಗ ಬರೋ ಬಣ್ಣ ಅದಕ್ಕೆ. ಒಂದು ಅಂಕಿಯನ್ನೂ ಯಾರೂ ಮತ್ತೆ ಬರೆದಿಲ್ಲ. ಅಂಥದ್ದು ಸಿಗೋದಿಲ್ಲ ಈಗ.

ಕತ್ತಲಾಗಲಿ ಅಂತ ಕಂಬಳಿಯೊಳಗೆ ತಲೆ ತೂರಿಸಿ ನೋಡ್ದೆ, ಒಂದಿಷ್ಟೂ ಹೊಳೀಲಿಲ್ಲ. ಕೆಂಡ ಆರಿದ ಮೇಲೆ ಸುಡುತ್ತಾ? ಇದೂ ಆರಿದೆ ಅಂದ್ಕೊಂಡೆ. ಸತ್ತಿದೆ ಅಂದ್ಕೊಂಡೆ.

ತಲೆ ಯಾಕೆ ಅಲ್ಲಾಡಿಸ್ತೀಯ?

ಹೊಳಪು ಹೋದ್ರೂ ರೇಡಿಯಂ ಹೋಗಲ್ವಾ? ಎಷ್ಟು ವರ್ಷ ಇರುತ್ತೆ? …ಒಂದು ಬೆರಳು ತೋರಿಸಿದ್ರೆ ಏನರ್ಥ? ಒಂದು ವರ್ಷವಾ? ನೂರಾ? …ಸಾವಿರ. ಸಾವಿರಕ್ಕೂ ಮೇಲೆ.

ನನ್ನ ಪುಸ್ತಕದಲ್ಲಿ ಅಷ್ಟೆಲ್ಲ ಬರೆದಿರಲಿಲ್ಲ.

ಬಾಯಿ ಬಿಟ್ಟು ಮಾತಾಡೇ. ಸೊಸೆಯಾದವಳು ಅತ್ತೆ ಎದುರು ದನಿ ಎತ್ತಬಾರದು ಅಂತ ನಾನೇ ಕಲಿಸ್ದೆ, ಒಪ್ಕೊಂಡೆ. ಮದುವೆಯಾದ ಮೊದಲ ವರ್ಷ ನೀನು ಚಹಾ ಬಗ್ಗಿಸ್ತಾ ಸುಮ್ನಿದ್ರೆ ನನಗೆ ಎಷ್ಟು ಹೆಮ್ಮೆ. ಇವತ್ತು ಬೇಡ. ಇವತ್ತು ಬೈದುಬಿಡು.

ಆ ಡಯಲ್ ಎಲ್ಲಿ ಅಂತ ತಾನೇ ನೋಡ್ತಿದ್ದೀಯ? ಮಾರಿಬಿಟ್ಟೆ. ಯಾರೋ ಒಬ್ಬ ಕಜಾಕ್, ತೆಳ್ಳಗಿದ್ದ, ಅಲ್ಲ, ದಪ್ಪ… ಹೆಸರು ಮರೆತೆ.

ಆ ಕಡೆ ಯಾಕೆ ಹೋಗ್ತೀಯ? ಆ ಕೋಣೇಲಿ ಗಡಿಯಾರ ಇಲ್ಲ. ಮಗು ಮಲಗಿದೆ, ಎದ್ದುಬಿಡುತ್ತೆ. …ಬಾಗಿಲಲ್ಲೇ ಶುರುವಾಯ್ತಾ? ಗೋಡೆ ಇರಬೇಕು. ಈ ಮನೆಗಳಿಗೆ ಎಂಥ ಇಟ್ಟಿಗೆ ಹಾಕಿದ್ದಾರೋ. ಕಿಟಕಿ ಹತ್ತಿರ ಹಿಡಿದು ನೋಡು. ಕಿಟಕಿ ಹತ್ತಿರ ಅಂದೆ, ತೊಟ್ಟಿಲ ಹತ್ತಿರ ಅಲ್ಲ.

ನಿಲ್ಲಿಸೇ ಅದನ್ನ. ಆ ಸದ್ದು ನಿಲ್ಲಿಸು. ಹೇಳ್ತೀನಿ.

ತೊಟ್ಟಿಲ ಮೇಲಿನ ಅಡ್ಡಗೋಲಿಗೆ ನೀನು, ಕೆಟ್ಟದ್ದು ಹತ್ತಿರ ಬರದಿರಲಿ ಅಂತ, ಗೂಬೆ ಪುಕ್ಕ ಕಟ್ಟಿದೆ. ನಿನ್ನ ತಾಯಿ ದೃಷ್ಟಿ ಮಣಿ ಕಟ್ಟಿದ್ರು. ನಾನು ತಾಯಿತ ಕಟ್ಟಿದೆ, ಕಂಬಳಿ ಬಟ್ಟೆಯ ಮೂರು ಮೂಲೆ ಚೀಲ. ಒಳಗೆ ಮುಲ್ಲಾ ಬರೆದುಕೊಟ್ಟ ಚೀಟಿ ಅಂತ ನಿಮಗೆಲ್ಲ ಹೇಳಿದ್ದೆ. ಚೀಟಿ ಅಲ್ಲ. ಆ ಡಯಲ್ಲೇ, ಮುಳ್ಳುಗಳ ಸಮೇತ ಹೊಲಿದೆ. ತೊಟ್ಟಿಲಿಗೆ ಏನು ಕಟ್ತೀವೋ ಮಗು ಅದೇ ಆಗುತ್ತೆ ಅಂತ ತಾನೇ ನಾವು ಕಟ್ಟೋದು? ಅವರ ಅಂಗಿ ಒಗೆದೋಳು ನಾನು. ನನ್ನ ಮೊಮ್ಮಗಳು ಅಂಥ ಅಂಗಿ ತೊಟ್ಟು ಹಾರ್ಲಿ ಅಂತ. ಅಷ್ಟೇ ಕಣಮ್ಮ. ಅಷ್ಟೇ.

ಹೂಂ, ಕತ್ತರಿಸು. ದಾರ ಗಟ್ಟಿ ಇದೆ, ಎಳೀಬೇಡ, ಪುಡಿ ಬೀಳುತ್ತೆ.

ಏನು ನೋಡ್ತಿದ್ದೀಯ ಅದರಲ್ಲಿ? …ಹೊಲಿಗೆ ಬಿಟ್ಟಿದೆಯಾ? ಹಳೇ ದಾರ. ಮೂಲೆ ಸವೆದಿದೆ, ಇಲಿ ಕಡಿದಿರಬೇಕು.

ಇಲಿ ಅಂದೆ. ಹಾಗೆ ನೋಡಬೇಡ ನನ್ನ.

ಕೇಳು ಐಜಿರೆಕ್. ಏನಾದ್ರೂ ಕೇಳು, ಉತ್ತರ ಕೊಡ್ತೀನಿ… ಕೇಳಲ್ವಾ?

ನಮ್ಮ ತೊಟ್ಟಿಲಲ್ಲಿ ಮಗು ಬೀಳದ ಹಾಗೆ ಪಟ್ಟಿ ಸುತ್ತಿ ಅವಳ ಕೈ ಕಟ್ಟಿರುತ್ತೆ, ಮೇಲಿನ ಗೋಲಿನ ತನಕ ಎಟುಕಲ್ಲ. ನನಗೂ ಗೊತ್ತು, ನಿನಗೂ ಗೊತ್ತು.

ಹಲ್ಲು ಬರ್ತಿತ್ತು ಅವಳಿಗೆ. ಹೋದ ತಿಂಗಳಿಂದ ನೀನು ಆಫೀಸಿಗೆ ಹೋದ ಮೇಲೆ ಒಂದೇ ಸಮನೆ ಅಳು. ಕಂಬಳಿ ಬಟ್ಟೆ ಮೆತ್ತಗಿದೆ, ಒಸಡಿಗೆ ಹಿತ ಅಂತ… ನಾನೇ ಬಿಚ್ಚಿ ಅವಳ ಕೈಗೆ ಕೊಡ್ತಿದ್ದೆ. ದಿನಾ.