ಫೋನ್ ಬಿಸಿಯಾಗಿತ್ತು, ಅಬ್ಬಾ

ಈ ಸಭೆಯ ಅಧ್ಯಕ್ಷರೂ ಹಿರಿಯರೂ ಆದ ದೊಡ್ಡಮುನಿಯಪ್ಪನವರೇ, ಬಹುಮಾನ ವಿತರಣೆಗೆಂದು ಬಂದಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿ ರಾಜೇಶ್ವರಿ ಮೇಡಂ ಅವರೇ, ಕಮ್ಮನಹಳ್ಳಿ ಮೊಬೈಲ್ ಆಟಗಾರರ ಬಳಗದ ಕಾರ್ಯದರ್ಶಿ ಭೀಮೇಶ್ ಅವರೇ, ಇನ್ನು ಸ್ವಲ್ಪ ಹೊತ್ತಿಗೆ ಫೈನಲ್ ಆಡಲಿರುವ ಮಕ್ಕಳೇ, ಆ ಮಕ್ಕಳ ಕೈಯಿಂದ ಫೋನ್ ಕಿತ್ತುಕೊಳ್ಳಲಾಗದೆ ಕೊನೆಗೆ ಅವರ ಜೊತೆಯಲ್ಲೇ ಬಂದು ಕೂತಿರುವ ತಂದೆ ತಾಯಂದಿರೇ, ಸಭಿಕರೇ,

ನನ್ನ ಹೆಸರು ಅಮೀರ್. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಮೀನಿನ ಅಂಗಡಿ ಇಟ್ಟಿದ್ದೇನೆ. ಮೀನು ಮಾರುವವನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಮೈಸೂರು ಪೇಟ ತೊಡಿಸುವ ಬಳಗ ಬೆಂಗಳೂರಿನಲ್ಲಿ ಇನ್ನೊಂದಿದೆಯೇ? ನನಗಂತೂ ಗೊತ್ತಿಲ್ಲ. ನಾವು ಮನೆಯಲ್ಲಿ ದಖ್ಖನಿ ಮಾತಾಡುವವರು, ಅಂಗಡಿಯಲ್ಲಿ ಅರ್ಧ ದಿನ ತಮಿಳು. ಕನ್ನಡ ಕಲಿತದ್ದು ಸರ್ಕಾರಿ ಶಾಲೆಯಲ್ಲಿ. ತಪ್ಪಾದರೆ ಮೇಡಂ ಇಲ್ಲೇ ಇದ್ದಾರೆ, ಬೆಂಚಿನ ಮೇಲೆ ನಿಲ್ಲಿಸಲಿ, ನಿಲ್ಲುತ್ತೇನೆ.

ಈ ಸನ್ಮಾನ ಏಕೆ? ನಾನೇನು ಆಟ ಆಡಿದವನೇ? ಅಲ್ಲ. ಆಟ ಕಲಿಸಿದವನೇ? ಅದೂ ಅಲ್ಲ. ನಾನು ಐಸ್ ಕೊಟ್ಟವನು. ಬರೀ ಐಸ್. ನಿಮ್ಮ ಎಲ್ಲ ಪಂದ್ಯಗಳಿಗೂ ನನ್ನ ಅಂಗಡಿಯಿಂದ ಥರ್ಮೊಕೋಲ್ ಡಬ್ಬದಲ್ಲಿ ಐಸ್ ಬರುತ್ತದೆ. ಅದಕ್ಕೇ ನೀವೆಲ್ಲ ನನ್ನನ್ನು ಐಸ್ ಚಾಚಾ ಎಂದು ಕರೆಯುತ್ತೀರಿ. ಮಾರ್ಕೆಟ್ಟಿನಲ್ಲಿ ನನಗೆ ಇದಕ್ಕಿಂತ ಕೆಟ್ಟ ಹೆಸರುಗಳಿವೆ, ಆದ್ದರಿಂದ ಇದನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

ಆಟಕ್ಕೂ ಐಸಿಗೂ ಏನು ಸಂಬಂಧ ಎಂದು ಹಿಂದಿನ ಸಾಲಿನ ತಾಯಂದಿರು ಕೇಳಬಹುದು. ನಾನೂ ಕೇಳಿದ್ದೆ. ನನ್ನ ಮಗಳು ಅಂಬ್ರೀನ್ ತಿಳಿಸಿಕೊಟ್ಟಳು. ಫೋನಿನಲ್ಲಿ ಓಡುವ ಮನುಷ್ಯ ನಿಜವಾಗಿ ಓಡುವುದಿಲ್ಲವಂತೆ. ಒಂದು ಸೆಕೆಂಡಿಗೆ ಅರವತ್ತು ಚಿತ್ರ ಬಂದು ಹೋಗುತ್ತವೆ, ನಮ್ಮ ಕಣ್ಣಿಗೆ ಓಟದಂತೆ ಕಾಣುತ್ತದೆ. ಇದಕ್ಕೆ ಫ್ರೇಮ್ ರೇಟ್ ಎನ್ನುತ್ತಾರೆ. ಫೋನ್ ಬಿಸಿಯಾದರೆ ಅದಕ್ಕೆ ಸುಸ್ತು, ಚಿತ್ರ ಕಡಿಮೆಯಾಗುತ್ತವೆ. ಆಗ ಆ ಮನುಷ್ಯ ನಮ್ಮ ಬಸ್‌ಸ್ಟಾಂಡಿನಿಂದ ಹೊರಬೀಳುವ ಬಸ್ಸಿನ ಹಾಗೆ, ಒಂದು ಎಳೆತ, ಒಂದು ನಿಲುಗಡೆ, ಇನ್ನೊಂದು ಎಳೆತ. ನೀವು ಗುರಿಯಿಟ್ಟ ಶತ್ರು ಇಲ್ಲಿದ್ದವನು ಅಲ್ಲಿರುತ್ತಾನೆ. ಎಷ್ಟು ಒಳ್ಳೆಯ ಆಟವಾದರೇನು, ಎಷ್ಟು ಚುರುಕು ಬೆರಳಾದರೇನು, ಚಿತ್ರವೇ ತಡವರಿಸಿದರೆ ಎಲ್ಲ ಹಾಳು. ಈಗ ನನ್ನ ತಲೆಯ ಮೇಲೆ ಈ ಪೇಟ ಇದೆ, ಒಳಗೆಲ್ಲ ಬಿಸಿ. ನನ್ನ ಫ್ರೇಮ್ ರೇಟೂ ಕಡಿಮೆಯಾಗುತ್ತಿದ್ದರೆ ಕ್ಷಮಿಸಬೇಕು.

ಐಸ್ ಉಪಾಯ ನನ್ನದೇ. ಮೀನಿಗೆ ಹಾಕುವುದನ್ನು ಫೋನಿಗೂ ಹಾಕಿದರೇನು? ಕವರಿನಲ್ಲಿ ಐಸ್ ಕಟ್ಟಿ, ಮೇಲೆ ಟವೆಲ್ ಮಡಿಸಿ, ಅದರ ಮೇಲೆ ಫೋನ್. ಐದು ನಿಮಿಷದಲ್ಲಿ ತಣ್ಣಗೆ. ಒಂದೇ ತೊಂದರೆ, ಫೋನಿನಲ್ಲಿ ಬಂಗುಡೆ ವಾಸನೆ ಉಳಿಯುತ್ತಿತ್ತು. ಎದುರಾಳಿ ತಂಡದವರು ಮೂಗು ಮುಚ್ಚಿಕೊಂಡೇ ಸೋಲುತ್ತಿದ್ದರು.

ನಗಬೇಡಿ, ಅವರು ನಿಜವಾಗಿಯೂ ಸೋಲುತ್ತಿದ್ದರು. ಏಕೆಂದರೆ ನಮ್ಮ ತಂಡದಲ್ಲಿ ನನ್ನ ಅಂಬ್ರೀನ್ ಇದ್ದಳು. ಭೀಮೇಶ್ ಇದ್ದರು, ಬುಷ್ರಾ ಇದ್ದಳು, ಸುನಿಲ್ ಇದ್ದ. ಅಂಬ್ರೀನಳ ಬೆರಳು ನೋಡಿ ನಾನು ಬೆರಗಾಗುತ್ತಿದ್ದೆ. ಅವಳ ಅಮ್ಮಿ ಮೆಹರುನ್ನೀಸಾ ಹೀಗೇ ಬೆರಳಾಡಿಸಿ ಕಸೂತಿ ಹಾಕುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಹಾಗಾಗಿ ಮಗಳು ಕಣ್ಣಿಗೆ ಕಾಣದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಇದನ್ನೆಲ್ಲ ಇಲ್ಲಿ ಯಾಕೆ ಹೇಳುತ್ತಿದ್ದೇನೆ? ಇರಲಿ, ಹೇಳಿಯಾಯಿತು.

ಮೂರು ವರ್ಷದ ಹಿಂದೆ ಮಹದೇವಪುರದ ಒಂದು ದೊಡ್ಡ ಹಾಲಿನಲ್ಲಿ ಫೈನಲ್ ಇತ್ತು. ಗೆದ್ದವರು ಹೈದರಾಬಾದಿಗೆ, ಅಲ್ಲಿ ಚೆನ್ನಾಗಿ ಆಡಿದವರಿಗೆ ದೊಡ್ಡ ತಂಡದಲ್ಲಿ ಜಾಗ, ಸಂಬಳ. ಅಂಬ್ರೀನ್ ಕನಸಿನಲ್ಲೂ ಹೈದರಾಬಾದಿನ ಮಾತೇ ಆಡುತ್ತಿದ್ದಳು. ನಾನು ಹೋಗಲು ಬಿಟ್ಟೆ. ಒಂದೇ ಷರತ್ತು ಹಾಕಿದೆ. 'ಬೇಟಾ, ಎಲ್ಲಿಗಾದ್ರೂ ಹೋಗು. ಆದ್ರೆ ಫೋನ್ ಆಫ್ ಮಾಡ್ಬೇಡ. ನಾನು ಯಾವಾಗ ಮಾಡಿದ್ರೂ ರಿಂಗ್ ಆಗ್ಬೇಕು. ಅಮ್ಮಿ ಮೇಲೆ ಆಣೆ ಮಾಡು.' ಮಾಡಿದಳು.

ಆ ದಿನ ಅಂಗಡಿಯಲ್ಲಿ ವಿಪರೀತ ವ್ಯಾಪಾರ. ಅವಸರದಲ್ಲಿ ಡಬ್ಬಕ್ಕೆ ಐಸ್ ಕಡಿಮೆ ತುಂಬಿಬಿಟ್ಟೆ. ಆಟದ ಕೊನೆಯಲ್ಲಿ ನಮ್ಮ ಕಡೆ ಉಳಿದವಳು ಅಂಬ್ರೀನ್ ಒಬ್ಬಳೇ, ಅವರ ಕಡೆಯೂ ಒಬ್ಬನೇ. ಅವನು ಎಲ್ಲಿ ಅಡಗಿದ್ದಾನೆಂದು ಅವಳಿಗೆ ಗೊತ್ತಿತ್ತಂತೆ. ಗೋಡೆಯ ಮರೆಯಿಂದ ಎದ್ದು ಗುರಿಯಿಟ್ಟಳು. ಅಷ್ಟರಲ್ಲಿ ಚಿತ್ರ ತಡವರಿಸಿತು, ನಿಂತೇಬಿಟ್ಟಿತು. ಮತ್ತೆ ಓಡುವ ಹೊತ್ತಿಗೆ ಅವಳು ಆಟದೊಳಗೆ ಗುಂಡು ತಗುಲಿ ನೆಲದ ಮೇಲಿದ್ದಳು. 'ಏನಾಯ್ತು?' ಎಂದು ಕೇಳಿದರೆ ಒಂದೇ ಮಾತು: 'ಫೋನ್ ಬಿಸಿಯಾಗಿತ್ತು, ಅಬ್ಬಾ.'

ಅವತ್ತಿನಿಂದ ಅವಳು ಆಟ ಮುಟ್ಟಿಲ್ಲ. ಅಂಗಡಿಗೆ ಬರುವ ಆರ್ಡರುಗಳನ್ನು ನೋಡಿಕೊಳ್ಳುತ್ತಾಳೆ. ಎಷ್ಟು ಹೇಳಿದರೂ 'ಸಾಕು ಅಬ್ಬಾ' ಅನ್ನುತ್ತಾಳೆ. ಆ ದಿನ ಎರಡು ಹಿಡಿ ಐಸ್ ಹೆಚ್ಚು ಹಾಕಿದ್ದರೆ! ಈ ಸಂಕಟ ನನ್ನನ್ನು ಬಿಟ್ಟಿಲ್ಲ. ಇನ್ನು ಯಾರ ಮಕ್ಕಳಿಗೂ ಹಾಗಾಗಬಾರದು ಎಂದೇ ಎಲ್ಲ ಪಂದ್ಯಕ್ಕೂ ಡಬ್ಬ ತುಂಬಿ ಕಳಿಸುತ್ತೇನೆ. ಇವತ್ತೂ ತಂದಿದ್ದೇವೆ, ಅಂಬ್ರೀನ್ ಅಲ್ಲಿ ಬಾಗಿಲ ಹತ್ತಿರ ಡಬ್ಬ ಇಟ್ಟುಕೊಂಡು ನಿಂತಿದ್ದಾಳೆ.

ಅವತ್ತು ನಾನು ಎಷ್ಟು ಒದ್ದಾಡಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಸಂಜೆ ಮಳೆ ಬಂತು. ಗಿರಾಕಿಯೊಬ್ಬರು 'ಮಹದೇವಪುರದಲ್ಲಿ ನೀರು ನಿಂತಿದೆ ಭಾಯಿ, ಕಾರೆಲ್ಲ ತೇಲ್ತಾ ಇವೆ' ಎಂದರು. ನನ್ನ ಜೀವ ಬಾಯಿಗೆ ಬಂತು. ಮೀನಿನ ಕೈಯಲ್ಲೇ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಬಿಡುವ ಮನುಷ್ಯನೇ ನಾನು? ಮತ್ತೆ ಮಾಡಿದೆ. ಆ ರಿಂಗ್ ನಿಂತ ಕೂಡಲೇ ಅವಳೇ ಮಾಡಿದಳು. 'ಮುಗೀತು ಅಬ್ಬಾ. ಸೋತ್ವಿ' ಅಂದಳು. ನಾನು ಅದನ್ನು ಕೇಳಿಸಿಕೊಳ್ಳಲೂ ಇಲ್ಲ. 'ಫೋನ್ ಯಾಕೆ ಎತ್ಲಿಲ್ಲ? ಆಣೆ ಮಾಡಿದ್ದು ಮರ್ತೋಯ್ತಾ?' ಎಂದು ಮಾರ್ಕೆಟ್ಟಿಗೆಲ್ಲ ಕೇಳುವ ಹಾಗೆ ಬೈದೆ.

ಭೀಮೇಶ್ ಅವರು ಎರಡನೇ ಸಲ ನೀರಿನ ಬಾಟಲಿ ಮುಂದೆ ಸರಿಸುತ್ತಿದ್ದಾರೆ. ಭಾಷಣ ಉದ್ದವಾಯಿತೇ? ಮುಗಿಸುತ್ತೇನೆ. ಮುಗಿಸುವ ಮುನ್ನ ಒಂದು ಸಂದೇಹ. ಕಾರ್ಯಕ್ರಮದ ಆರಂಭದಲ್ಲಿ ಭೀಮೇಶ್ ಮೈಕಿನಲ್ಲಿ ಏನೋ ಹೇಳಿದರು. 'ಫೈನಲ್ ಆಡೋರೆಲ್ಲ ಸಿಮ್ ತೆಗ್ದಿಡಿ, ವೈಫೈ ಒಂದೇ ಇರ್ಲಿ. ಮಧ್ಯದಲ್ಲಿ ಒಂದು ಕಾಲ್ ಬಂದ್ರೂ ಸಾಕು, ಫ್ರೇಮ್ ಬಿದ್ದು ಸ್ಕ್ರೀನ್ ಸ್ಟಕ್ ಆಗ್ಬಿಡುತ್ತೆ.' ಇದು ನನಗೆ ಹೊಸದು. ಬಿಸಿಯಿಂದ ಮಾತ್ರ ಎಂದುಕೊಂಡಿದ್ದೆ. ಕಾಲ್ ಬಂದರೂ

ಕಾಲ್ ಬಂದರೂ ನಿಲ್ಲುತ್ತದೆಯೇ?

ಕ್ಷಮಿಸಬೇಕು. ಸ್ವಲ್ಪ ನೀರು ಕುಡಿಯುತ್ತೇನೆ.

ಸಭಿಕರೇ, ಆ ಹಾಲಿನಲ್ಲಿ ಎಸಿ ಇತ್ತು. ಈಗ ನೆನಪಾಗುತ್ತಿದೆ. ಡಬ್ಬ ಮನೆಗೆ ವಾಪಸ್ ಬಂದಾಗ ಅದರಲ್ಲಿ ಇನ್ನೂ ಐಸ್ ಇತ್ತು, ನಾನೇ ಮೋರಿಗೆ ಸುರಿದೆ. ಸುರಿಯುವಾಗಲೂ ಯೋಚಿಸಲಿಲ್ಲ.

ಅಂಬ್ರೀನ್, ತಲೆ ಅಲ್ಲಾಡಿಸಬೇಡ. ದುಪಟ್ಟಾದಲ್ಲಿ ಮುಖ ಮುಚ್ಚಿಕೊಳ್ಳಬೇಡ. ಉಳಿದವರೆಲ್ಲ ಸಿಮ್ ತೆಗೆದಿಟ್ಟಿದ್ದರು, ನೀನೊಬ್ಬಳೇ ತೆಗೆದಿರಲಿಲ್ಲ, ಅಲ್ಲವೇ? ನನಗೆ ಕೊಟ್ಟ ಮಾತಿಗಾಗಿ. ಸೋತದ್ದೂ ನೀನು, ಬೈಸಿಕೊಂಡದ್ದೂ ನೀನು. ಇಷ್ಟು ದಿನ ಬಿಸಿ, ಬಿಸಿ ಎಂದು ಹೇಳಿ ನನ್ನನ್ನು ಕಾಪಾಡಿದೆ. ನಾನು ದಡ್ಡ, ಊರಿಗೆಲ್ಲ ಐಸ್ ಹಂಚಿದೆ. ಭೀಮೇಶ್, ಬುಷ್ರಾ, ನಿಮಗೆಲ್ಲ ಗೊತ್ತಿತ್ತು. ಅವಳೇ ಬಾಯಿ ಮುಚ್ಚಿಸಿರಬೇಕು. ನನಗೆ ತುಂಬಾ ದುಃಖವಾಗುತ್ತಿದೆ, ಮುಚ್ಚಿಡುವುದಿಲ್ಲ. ಆದರೆ ಇಂಥ ಮಗಳು ಯಾರಿಗಿದ್ದಾಳೆ?

ಆಯಿತು. ಮಕ್ಕಳಿಗೆ ಪಂದ್ಯವಿದೆ, ಅವರ ಹೊತ್ತು ಹಾಳು ಮಾಡುವುದಿಲ್ಲ. ದೊಡ್ಡಮುನಿಯಪ್ಪನವರೇ, ಇದು ನನ್ನ ಫೋನ್. ದಯವಿಟ್ಟು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಫೈನಲ್ ಮುಗಿಯುವವರೆಗೆ ನಾನು ಕಾಲು ಹಿಡಿದರೂ ಕೊಡಬೇಡಿ. ಹಿಂದೆ ಕೂತಿರುವ ತಂದೆ ತಾಯಂದಿರೇ, ನಿಮ್ಮದೂ ತಂದು ಈ ಮೇಜಿನ ಮೇಲೆ ಇಡಿ. ಹೊರಗೆ ಮಳೆ ಬಂದರೆ ಬರಲಿ, ಮಕ್ಕಳು ಇಲ್ಲೇ ನಮ್ಮ ಕಣ್ಣೆದುರಿಗಿದ್ದಾರೆ.

ಶಾಲು ಹೊದಿಸಿದ ಬಳಗಕ್ಕೆ, ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಮೇಡಂ ಅವರಿಗೆ, ನಿಮ್ಮೆಲ್ಲರಿಗೂ ಋಣಿ. ಅಂಬ್ರೀನ್, ಆ ಡಬ್ಬ ಕೆಳಗಿಡು. ಇನ್ನು ಎಲ್ಲಿಗೆ ಆಡಲು ಹೋದರೂ ಹೋಗು, ಹೈದರಾಬಾದಿಗಾದರೂ ಹೋಗು, ಸಿಮ್ ತೆಗೆದು ಮನೆಯಲ್ಲಿ ನನ್ನ ಕೈಗೆ ಕೊಟ್ಟು ಹೋಗು. ಎಲ್ಲಿದ್ದೆ ಎಂದು ನೀನು ಬಂದ ಮೇಲೆ ಕೇಳುತ್ತೇನೆ.

ನಮಸ್ಕಾರ.