ನೆಂಟರ ಮೂಟೆ

ಅಧ್ಯಕ್ಷರೂ ಸರ್ಕಾರಿ ಉಗ್ರಾಣದ ಮುಖ್ಯಾಧಿಕಾರಿಗಳೂ ಆದ ಮಾನ್ಯರೇ, ಧಾನ್ಯ ಪ್ರಯೋಗಾಲಯದ ಮಿತ್ರರೇ, ಕುರ್ಚಿ ಸಾಲದೆ ಬಾಗಿಲಲ್ಲಿ ನಿಂತಿರುವ ಲಾರಿ ಚಾಲಕರೇ, ಸಭಿಕರೇ,

ಇವತ್ತು ನಿವೃತ್ತರಾಗುತ್ತಿರುವ ಹಿರಿಯ ವಿಶ್ಲೇಷಕಿಯ ಗಂಡ ಎಂಬ ಒಂದೇ ಅರ್ಹತೆಯ ಮೇಲೆ ನನಗೆ ಎರಡು ಮಾತಾಡಲು ಹೇಳಿದ್ದೀರಿ. ನಾನು ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆಯುವವನು. ಎರಡು ಮಾತಿನಲ್ಲಿ ಏನನ್ನೂ ಮುಗಿಸಿದವನಲ್ಲ. ಸನ್ಮಾನಿತರ ಕುರ್ಚಿ ಖಾಲಿಯಿದೆ ಎಂದು ಯಾರೂ ಚಿಂತಿಸಬೇಡಿ. ಸ್ವಾಗತ ಭಾಷಣ ಶುರುವಾದಾಗ ಎದ್ದು ಹೋದವರು ಬರುತ್ತಾರೆ. ಮದುವೆಯಾದ ಮೇಲೆ ಅವರು ನಡುವೆ ತಿದ್ದದೆ ನಾನು ಮಾತಾಡುತ್ತಿರುವುದು ಇದೇ ಮೊದಲು. ಈ ಸುಖವನ್ನು ಸ್ವಲ್ಪ ಅನುಭವಿಸಲು ಬಿಡಿ.

ಅಧ್ಯಕ್ಷರು ಕೊನೆಗೆ ಮಾತಾಡುವುದು ರೂಢಿ. ಇವತ್ತು ಮೊದಲೇ, ಅದೂ ಒಂದು ಗಂಟೆ ಮಾತಾಡಿದರು. ಹೊಸ ಯಂತ್ರವನ್ನು ಹೊಗಳಿದರು. ಲಾರಿಗಳು ಕಾದಿವೆ, ಒಂದು ಸಹಿ ಬಿದ್ದರೆ ಉಗ್ರಾಣದ ಮೆಕ್ಕೆಜೋಳವೆಲ್ಲ ಶಾಲೆಗಳ ಅಡುಗೆಮನೆ ಸೇರುತ್ತದೆ ಎಂದರು. ಆ ಸಹಿ ಹಾಕಬೇಕಾದವರು ನನ್ನ ಹೆಂಡತಿ. ಹಾಕಿಲ್ಲ. ಯಾಕೆ ಹಾಕಿಲ್ಲ ಎಂಬುದನ್ನು ಅಧ್ಯಕ್ಷರು ಹೇಳಲು ಮರೆತರು. ವಯಸ್ಸಾಯಿತು, ಪಾಪ. ನನಗೆ ಮರೆವಿಲ್ಲ.

ಕಾಳಿಗೆ ತೇವ ತಗುಲಿದರೆ ಬೂಷ್ಟು ಬರುತ್ತದೆ. ಬೂಷ್ಟನ್ನು ಒರೆಸಬಹುದು, ಅದು ಬಿಟ್ಟುಹೋದ ವಿಷವನ್ನು ಒರೆಸಲಾಗದು. ಬೇಯಿಸಿದರೂ ಹೋಗದು. ದಿನವೂ ತಿಂದರೆ ಲಿವರ್ ಕೆಡುತ್ತದೆ. ಇದನ್ನು ಹಿಡಿಯಲು ಮೊದಲು ಇದ್ದದ್ದು ಒಂದು ಕತ್ತಲೆ ಕೋಣೆ, ಒಂದು ನೇರಳೆ ದೀಪ. ಮದುವೆಯ ಹೊಸತರಲ್ಲಿ ಊಟದ ಡಬ್ಬಿ ಕೊಡಲು ಹೋಗಿದ್ದೆ. ಇವರು ಒಳಗೆ ಕರೆದು ಬಾಗಿಲು ಹಾಕಿ, ದೀಪದ ಕೆಳಗೆ ಒಡೆದ ಕಾಳು ತೋರಿಸಿ, "ನೋಡಿ, ಹಸಿರಾಗಿ ಎಷ್ಟು ಚೆನ್ನಾಗಿ ಹೊಳೀತಿದೆ" ಅಂದರು. ನಾನು ಅದನ್ನು ಪ್ರೇಮದ ಮಾತು ಎಂದುಕೊಂಡು ಹತ್ತಿರ ಸರಿದೆ. "ದೂರ ನಿಲ್ಲಿ, ವಿಷ ಇರಬಹುದು" ಅಂದರು. ನಮ್ಮ ದಾಂಪತ್ಯದ ಅಡಿಪಾಯ ಅದು.

ಆಮೇಲೆ ಗಾಜಿನ ಫಲಕ ಬಂತು. ಅದರ ಮೇಲೆ ಕಾಳಿನ ರಸದ ಹನಿ ಮೆಲ್ಲಗೆ ಏರುತ್ತಿತ್ತು. ವಿಷ ಎಷ್ಟು ಎತ್ತರಕ್ಕೆ ಹೋಗಿ ಕೂರುತ್ತದೆ ಎಂದು ಇವರು ಕಾಯುತ್ತಿದ್ದರು, ಮನೆಯಲ್ಲಿ ನಾನು ಊಟಕ್ಕೆ ಕಾಯುತ್ತಿದ್ದೆ. ಆಮೇಲೆ ಬೆರಳುದ್ದದ ಪಟ್ಟಿ ಬಂತು. ಹಿಟ್ಟಿನ ರಸದಲ್ಲಿ ಅದ್ದಿದರೆ ಎರಡು ಗೆರೆ ಮೂಡಬೇಕು. ಒಂದೇ ಗೆರೆ ಮೂಡಿದರೆ ವಿಷ ಮಿತಿ ಮೀರಿದೆ ಎಂದರ್ಥ. ಈಗ ಬಂದಿರುವ ಯಂತ್ರ ಕೆರೆಗೆ ಬಿದ್ದ ಹನಿ ವಿಷವನ್ನೂ ಹುಡುಕುತ್ತದಂತೆ. ಹುಡುಕಲಿ. ಆದರೆ ಸ್ವಾಮಿ, ಅದರ ಬಾಯಿಗೆ ಹಾಕುವ ಕಾಳು ಯಾವ ಮೂಟೆಯದು?

ಒಂದು ಚೀಟಿ ಬಂದಿದೆ. "ಸಮಯ ಮೀರಿದೆ" ಎಂದಿದೆ. ಸುಂದರವಾದ ಕೈಬರಹ. ಮುಂದುವರಿಸುತ್ತೇನೆ.

ಇವರು ಸೊಸೆಯಾಗಿ ಬಂದ ವಾರ ನನ್ನ ಅಮ್ಮ ಗೋಧಿ ಡಬ್ಬ ತೆರೆದು ಹೆಮ್ಮೆಯಿಂದ ತೋರಿಸಿದರು. ಮೇಲೆ ಚಿನ್ನದಂಥ ಗೋಧಿ. ಇವರು ರವಿಕೆಯ ತೋಳು ಮಡಚಿ, ಮೊಣಕೈಯವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದರು. ಕಪ್ಪಗಿತ್ತು.

"ಏನಮ್ಮಾ, ಅತ್ತೆ ಮನೆ ಗೋಧಿನೂ ಪರೀಕ್ಷೆ ಮಾಡ್ತೀಯಾ?"

"ಅತ್ತೆ, ಮೇಲಿನ ಗೋಧಿ ನೆಂಟರಿಗೆ ತೋರಿಸೋಕೆ. ನಾವು ತಿನ್ನೋದು ತಳದ್ದು."

ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಡಬ್ಬ ತೊಳೆದು ಬಿಸಿಲಿಗಿಟ್ಟರು. ಸಾಯುವವರೆಗೂ ಅಂಗಡಿಯವನ ಮೂಟೆಗೆ ಮೊಣಕೈ ತನಕ ಕೈ ಹಾಕುತ್ತಿದ್ದರು.

ವಿಷ ಎಲ್ಲ ಕಾಳಿನಲ್ಲೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಒಂದು ಮೂಲೆಯ ಒಂದು ಮೂಟೆಯಲ್ಲಿ ಗುಂಪು ಕಟ್ಟಿ ಕೂತಿರುತ್ತದೆ. ಅದಕ್ಕೇ ಮುಂದೆ, ಹಿಂದೆ, ಮೇಲೆ, ಕೆಳಗೆ ಎಲ್ಲ ಕಡೆಯಿಂದಲೂ ಕಾಳು ತೆಗೆದು, ಬೆರೆಸಿ, ಬೀಸಿ, ಆಮೇಲೆ ಪರೀಕ್ಷಿಸಬೇಕು. ನಮ್ಮ ಉಗ್ರಾಣದಲ್ಲಿ ಏನಾಗುತ್ತದೆ? ಮೂಟೆಗೆ ಚುಚ್ಚಿ ಕಾಳು ತೆಗೆಯುವ ಸಲಾಕೆ ಹಿಡಿದು ಇವರು ಹೋದರೆ ಅಧ್ಯಕ್ಷರು ತಾವೇ ಜೊತೆಗೆ ಬರುತ್ತಾರೆ. "ಒಳಗೆ ಹಾವಿದೆ ಮೇಡಂ. ದೀಪ ಕೆಟ್ಟಿದೆ ಮೇಡಂ. ಏಣಿ ಮುರಿದಿದೆ ಮೇಡಂ. ಇಗೊಳ್ಳಿ, ಮುಂದಿನ ಸಾಲಲ್ಲೇ ತಗೊಳ್ಳಿ." ನೆಂಟರ ಮೂಟೆ! ಪಟ್ಟಿಯಲ್ಲಿ ಎರಡು ಗೆರೆ ಬರದೆ ಇನ್ನೇನು? ಹಿಂಬದಿಯ ಚಾವಣಿ ಸೋರುತ್ತಿದೆ ಎಂದು ನಾನು ಪತ್ರಿಕೆಗೆ ಬರೆದಿದ್ದೆ. "ಸೋರಿಲ್ಲ, ಗೋಡೆ ಬೆವರಿದೆ" ಎಂದು ಉತ್ತರ ಬಂತು. ಅಷ್ಟು ದುಡಿಯುವ ಗೋಡೆಯನ್ನು ನಾನು ಬೇರೆ ಯಾವ ಕಚೇರಿಯಲ್ಲೂ ಕಂಡಿಲ್ಲ.

ನಿನ್ನೆ ಅಧ್ಯಕ್ಷರು ನಮ್ಮ ಮನೆಗೂ ಬಂದಿದ್ದರು. ಇದನ್ನು ಹೇಳಬಾರದಿತ್ತೋ ಏನೋ. "ಯಜಮಾನ್ರೇ, ನೀವಾದ್ರೂ ಒಂದು ಮಾತು ಹೇಳಿ, ನೆಮ್ಮದಿಯಾಗಿ ಸಹಿ ಹಾಕಿ ಹೋಗ್ಲಿ" ಅಂದರು. ನನ್ನ ಮಾತು ಆ ಮನೆಯಲ್ಲಿ ನಡೆಯುತ್ತದೆ ಎಂದು ನಂಬಿದ ಮೊದಲ ಮನುಷ್ಯ ಅವರು. ಅದಕ್ಕಾಗಿ ನಾನು ಋಣಿ.

ಎರಡನೆಯ ಚೀಟಿ. "ಸಾಕು" ಎಂದಷ್ಟೇ ಇದೆ. ಕೈಬರಹ ಕೆಟ್ಟಿದೆ. ಆಗಲಿ, ಮುಗಿಸಬಹುದು ಎಂದು ನನಗೂ ಅನಿಸುತ್ತಿದೆ. ಯಾಕೆಂದರೆ ನನ್ನ ಹೆಂಡತಿ ಹಿಂದಿನ ಬಾಗಿಲಲ್ಲಿ ಬಂದು ನಿಂತಿದ್ದಾರೆ. ತಿರುಗಿ ನೋಡಿ. ಕೂದಲಿಗೆ ಜೇಡರ ಬಲೆ ಮೆತ್ತಿಕೊಂಡಿದೆ, ಕಂಕುಳಲ್ಲಿ ಸಲಾಕೆ ಇದೆ. ಹಾವೇನೂ ಕಚ್ಚಿದಂತಿಲ್ಲ.

ಬೆಳಿಗ್ಗೆ ಅವರು ನನಗೆ ಹೇಳಿದ್ದು ಇಷ್ಟು: "ರೀ, ಇವತ್ತು ಆ ಮನುಷ್ಯ ವೇದಿಕೆ ಬಿಟ್ಟು ನನ್ನ ಹಿಂದೆ ಬರೋಕಾಗಲ್ಲ. ಸಂಜೆವರೆಗೂ ನಾನಿನ್ನೂ ನೌಕರಿಯಲ್ಲೇ ಇದ್ದೀನಿ. ಕಾಳು ತೆಗೆದು, ಬೀಸಿ, ಪಟ್ಟಿ ಅದ್ದಿ ಬರ್ತೀನಿ. ಅಲ್ಲೀವರೆಗೂ ನೀವು ಮಾತಾಡ್ತಾ ಇರಿ."

"ಏನು ಮಾತಾಡ್ಲಿ?"

"ಅದನ್ನ ನೀವು ಯಾವತ್ತು ಯೋಚನೆ ಮಾಡಿದ್ರಿ?"

ಅಧ್ಯಕ್ಷರ ಒಂದು ಗಂಟೆಯ ನೆರವಿಗೆ ನಮ್ಮಿಬ್ಬರ ಕೃತಜ್ಞತೆ.

ಅವರು ಬಲಗೈ ಎತ್ತಿದ್ದಾರೆ. ಒಂದೇ ಬೆರಳು. ಹಿಂದಿನ ಸಾಲಿನವರೂ ನೋಡಿಕೊಳ್ಳಿ, ಒಂದೇ ಗೆರೆ.

ಲಾರಿ ಚಾಲಕರೇ, ಮನೆಗೆ ಹೋಗಿ ಊಟ ಮಾಡಿ. ಇವತ್ತು ಬಾಡಿಗೆ ಇಲ್ಲ. ಹೊಸ ಯಂತ್ರಕ್ಕೆ ನಾಳೆ ನಿಜವಾದ ಕೆಲಸವಿದೆ. ಅಧ್ಯಕ್ಷರೇ, ಏಳಬೇಡಿ, ನೆನಪಿನ ಕಾಣಿಕೆ ಕೊಡುವುದು ಬಾಕಿಯಿದೆ. ಸನ್ಮಾನಿತರು ಈಗ ವೇದಿಕೆಗೆ ಬಂದು ಮಾತಾಡುತ್ತಾರೆ. ಅವರದು ನಿಜಕ್ಕೂ ಎರಡೇ ಮಾತು.

ಇಷ್ಟು ಹೊತ್ತು ಸಹಿಸಿದ ತಮಗೆ, ಚೀಟಿ ಬರೆದವರಿಗೆ, ಮೂವತ್ತು ವರ್ಷ "ನಿಲ್ಲಿಸಿ" ಎಂದು ಹೇಳಿ ಇವತ್ತೊಂದು ದಿನ "ನಿಲ್ಲಿಸಬೇಡಿ" ಎಂದವರಿಗೆ, ಎಲ್ಲರಿಗೂ ವಂದನೆ. ನಮಸ್ಕಾರ.