ಅಣ್ಣನ ಹೆಸರು ಕೆರೆಸಿದ ದೊರೆ

ಎಲ್ಲರೂ ಕೂತಿರಾ? ಹಾಗಾದರೆ ಕೇಳಿ. ಮಳೆ ಕಾಣದ, ಹೊಳೆಯನ್ನೇ ನಂಬಿದ ಯಾವುದೋ ಮರಳುನಾಡಿನಲ್ಲಿ ಒಂದು ಬೆಳಿಗ್ಗೆ ಭಾರೀ ಅನಾಹುತವಾಯಿತು. ದೊರೆ ಗಂಜಿ ಕುಡಿದು ಮುಗಿಸಿದ. ಬಟ್ಟಲಿನ ತಳದಲ್ಲಿ ಅವನ ಅಣ್ಣನ ಹೆಸರು ಕಾಣಿಸಿತು.

ಅಣ್ಣ ಸೆನೆಫ್ಕನೂ ದೊರೆಯಾಗಿದ್ದವನೇ. ತೀರಿಕೊಂಡು ಎಂಟು ತಿಂಗಳಾಗಿತ್ತು. ತಮ್ಮನಾದ ಈ ದೊರೆ ಕಾಲುವೆಯ ದಂಡೆಗೆ ಹೋದರೆ ಜನ "ಇದು ಸೆನೆಫ್ಕನ ನೀರು" ಅನ್ನುತ್ತಿದ್ದರು. ಕಣಜದ ಮುಂದೆ ನಿಂತರೆ "ಸೆನೆಫ್ಕನ ಕಾಳು" ಅನ್ನುತ್ತಿದ್ದರು. ಅದನ್ನೂ ಸಹಿಸಿದ್ದ. ಈಗ ಗಂಜಿಯಲ್ಲೂ ಅವನೇ ಅಂದರೆ? ಹೊಟ್ಟೆ ಉರಿಯದೆ ಇನ್ನೇನಾದೀತು, ನೀವೇ ಹೇಳಿ.

"ಅರಮನೆಯ ಕಲ್ಲುಬಟ್ಟಲನ್ನೆಲ್ಲ ತನ್ನಿ. ಅಣ್ಣನ ಹೆಸರು ಕೆರೆದು ನನ್ನ ಹೆಸರು ಕೆತ್ತಿ!"

ಕಲ್ಲುಕುಟಿಗರು ಕೆರೆದರು, ಕೆರೆದರು, ವರ್ಷವಿಡೀ ಕೆರೆದರು. ತಳ ತೆಳುವಾಯಿತು. ಹೊಸ ಹೆಸರಿಗೆ ಉಳಿ ಇಟ್ಟರೆ ಬಟ್ಟಲೇ ಒಡೆಯಿತು.

ಆ ನಾಡಿನದೊಂದು ಪದ್ಧತಿ ಕೇಳಿ. ಅಲ್ಲಿ ವರ್ಷಕ್ಕೆ ಎಣಿಕೆಯಿಲ್ಲ, ಹೆಸರುಂಟು. ಆ ವರ್ಷ ದೊರೆ ಮಾಡಿದ ದೊಡ್ಡ ಕೆಲಸವೇ ವರ್ಷದ ಹೆಸರು. ಅದನ್ನು ಮರದ ಚೀಟಿಯಲ್ಲಿ ಕೊರೆದು ಎಣ್ಣೆಗಡಿಗೆಗೆ ಕಟ್ಟುತ್ತಾರೆ. ಆಳುವವನ ಹೆಸರು ಮಾತ್ರ ಚೀಟಿಗೆ ಬರುವಂತಿಲ್ಲ, ಅದು ಗೌರವ. ಬರೀ "ದೊರೆ" ಅಂದರೆ ಮುಗಿಯಿತು.

ಚೀಟಿ ಬರೆಯುವ ಮುದುಕ ಇಪಿ ಬಂದು ಕೈಕಟ್ಟಿ ನಿಂತ. "ಬುದ್ಧಿ, ಈ ವರ್ಷಕ್ಕೇನು ಹೆಸರು?"

"ನಾನು ಮಾಡಿದ ದೊಡ್ಡ ಕೆಲಸ ಯಾವುದೋ ಅದೇ."

"ಮಾಡಿದ್ದು ಅದೊಂದೇ, ಬುದ್ಧಿ."

"ಸರಿ, ಬರಿ."

ಇಪಿ ಬರೆದ: ದೊರೆ ಬಟ್ಟಲಿನಿಂದ ಸೆನೆಫ್ಕನ ಹೆಸರು ಕೆರೆಸಿದ ವರ್ಷ.

ಎರಡನೆಯ ವರ್ಷ ದೊರೆ ಗುಡಿಯ ಕಂಬಕ್ಕೆ ಕೈಹಾಕಿದ. ಚೀಟಿ ಬಂತು: ದೊರೆ ಕಂಬದಿಂದ ಸೆನೆಫ್ಕನ ಹೆಸರು ಕೆರೆಸಿದ ವರ್ಷ.

ಮೂರನೆಯ ವರ್ಷ ರಾಣಿ ಮೆರಿತ್ ತಲೆಗೆ ಹಚ್ಚಲು ಎಣ್ಣೆ ತರಿಸಿದಳು. ಚೀಟಿ ಓದಿದಳು. "ಇದು ಬಾವನವರ ಕಾಲದ ಎಣ್ಣೆಯೋ?"

"ಅಲ್ಲ, ನನ್ನ ಕಾಲದ್ದು."

"ಮತ್ತೆ ಹೆಸರು ಬಾವನವರದೇ ಇದೆಯಲ್ಲ! ನೀವೆಲ್ಲಿ?"

ದೊರೆ ಉಗ್ರಾಣಕ್ಕೆ ಓಡಿದ. ಈ ಗಡಿಗೆ ನೋಡಿದ, ಸೆನೆಫ್ಕ. ಆ ಗಡಿಗೆ ನೋಡಿದ, ಸೆನೆಫ್ಕ. ಮೂಲೆಯ ಗಡಿಗೆ ನೋಡಿದ, ಅಲ್ಲೂ ಸೆನೆಫ್ಕ. ಅಣ್ಣ ಬದುಕಿದ್ದಾಗಲೂ ಇಷ್ಟು ಕಡೆ ಇರಲಿಲ್ಲ.

"ಚೀಟಿಗಳನ್ನೂ ಕೆರೆಯಿರಿ!"

ಅದಕ್ಕೇ ವರ್ಷ ಹಿಡಿಯಿತು. ಇಪಿ ಮತ್ತೆ ಬಂದ. ದೊರೆಯ ದನಿ ಇಳಿದಿತ್ತು. "ಇಪಿ, ಈ ವರ್ಷ ಹೊಳೆ ಚೆನ್ನಾಗಿ ಉಕ್ಕಿತಲ್ಲ, ಅದನ್ನೇ ಬರಿಯಪ್ಪ."

"ಅದು ಹೊಳೆ ಮಾಡಿದ ಕೆಲಸ, ಬುದ್ಧಿ. ತಾವು ಮಾಡಿದ್ದು ಬರೆಯಬೇಕು."

ಸುಳ್ಳು ಬರೆದರೆ ಹೊಳೆ ಬತ್ತುತ್ತದೆಂದು ನಾಡೆಲ್ಲ ನಂಬಿತ್ತು. ದೊರೆಯೂ ನಂಬಿದ್ದ. ಇಪಿ ಬರೆದ: ದೊರೆ ಚೀಟಿಗಳಿಂದ ಸೆನೆಫ್ಕನ ಹೆಸರು ಕೆರೆಸಿದ ವರ್ಷ. ಆ ಸಲ ಉಗ್ರಾಣದ ತುಂಬ ಹೊಸ ಎಣ್ಣೆ. ಗಡಿಗೆಗೊಂದು ಹೊಸ ಚೀಟಿ.

ಮರುವರ್ಷ ಕಾಲುವೆಯನ್ನಾದರೂ ತೋಡಿಸುತ್ತೇನೆ ಅಂದ ದೊರೆ. ಅಷ್ಟರಲ್ಲಿ ತೀರಿಕೊಂಡ.

ಕಥೆ ನನ್ನ ಬಾಯಿಂದ ಇಳಿಯಿತು, ನಿಮ್ಮ ಕಿವಿಗೆ ಏರಿತು. ತಮ್ಮನ ಹೆಸರೇನು ಅಂತ ಕೇಳುತ್ತೀರಾ? ಆಮೇಲಿನವರು ಆ ಮರಳನ್ನು ಅಗೆದರು. ಚೀಟಿ ಸಿಕ್ಕಿದ್ದು ನಲವತ್ತೊಂದು. ನಲವತ್ತೊಂದರಲ್ಲೂ ಇರುವುದು ಸೆನೆಫ್ಕನ ಹೆಸರು. ತಮ್ಮನದು ಯಾರಿಗೂ ಗೊತ್ತಿಲ್ಲ.